ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಿದರೆ: ಮೊದಲು ಅಳತೆ, ಆಮೇಲೆ ಔಷಧ

ಇಪ್ಪತ್ತು ಇಪ್ಪತ್ತೈದರ ವಯಸ್ಸು. ಉರಿಯಿಲ್ಲ, ಜ್ವರವಿಲ್ಲ, ಲ್ಯಾಬ್ ವರದಿಯಲ್ಲೂ ಏನೂ ಇಲ್ಲ. ಆದರೂ ಗಂಟೆಗೊಮ್ಮೆ ಒಂದಕ್ಕೆ ಹೋಗಲೇಬೇಕು. ಮನೆಯವರು ‘ಮೈ ಉಷ್ಣ ಆಗಿದೆ, ಎಳನೀರು ಕುಡಿ’ ಅನ್ನುತ್ತಾರೆ, ಇಲ್ಲವೇ ಬಾರ್ಲಿ ನೀರು, ಜೀರಿಗೆ ನೀರು ಮಾಡಿಕೊಡುತ್ತಾರೆ. ಎಳನೀರು ಕೆಟ್ಟದ್ದಲ್ಲ. ಆದರೆ ಒಂದು ಬುರುಡೆಯಲ್ಲಿ ಕಾಲು ಲೀಟರಿಗೂ ಹೆಚ್ಚು ನೀರಿರಬಹುದು, ಅದು ಮತ್ತೆ ಹೊರಗೆ ಬರಲೇಬೇಕು. ಉಪಾಯ ಹುಡುಕುವ ಮುನ್ನ, ನಿಮ್ಮದು ಮೂತ್ರ ಹೆಚ್ಚು ಆಗುತ್ತಿರುವ ತೊಂದರೆಯೋ ಅಥವಾ ಸ್ವಲ್ಪ ತುಂಬಿದರೂ ಮೂತ್ರಕೋಶ ತಡೆಯದಿರುವ ತೊಂದರೆಯೋ ಎಂಬುದನ್ನು ತಿಳಿಯಬೇಕು. ಇವೆರಡಕ್ಕೂ ಚಿಕಿತ್ಸೆ ಬೇರೆ ಬೇರೆ.

ಪಾತ್ರೆ ಅಂಗಡಿಯಲ್ಲಿ ಮಿ.ಲೀ. ಗುರುತಿರುವ ಒಂದು ಲೀಟರಿನ ಪ್ಲಾಸ್ಟಿಕ್ ಜಗ್ಗು ತನ್ನಿ. ಅದನ್ನು ಮೂತ್ರ ಅಳೆಯುವುದಕ್ಕೇ ಮೀಸಲಿಡಿ. ಮೂರು ದಿನ ಬರೆಯಿರಿ, ಅದರಲ್ಲಿ ಒಂದು ರಜಾದಿನವಿರಲಿ. ಪ್ರತಿ ಸಲ ಗಂಟೆ ಎಷ್ಟು, ಎಷ್ಟು ಮಿ.ಲೀ. ಆಯಿತು, ಅವಸರ ಎಷ್ಟಿತ್ತು ಎಂದು ನಮೂದಿಸಿ. ಅವಸರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡಿ, ತಡೆಯಲಾರದಷ್ಟಿದ್ದರೆ ಮೂರು. ಪಕ್ಕದಲ್ಲೇ ಏನು ಕುಡಿದಿರಿ, ಎಷ್ಟು ಎಂದೂ ಬರೆಯಿರಿ. ಕಾಫಿ ಲೋಟ, ನೀರಿನ ಚೊಂಬು ಎಷ್ಟು ಹಿಡಿಯುತ್ತವೆಂದು ಮೊದಲೇ ಅಳೆದಿಟ್ಟುಕೊಳ್ಳಿ. ಮಜ್ಜಿಗೆ, ತಿಳಿಸಾರು, ಕಬ್ಬಿನ ಹಾಲು ಇವೂ ಲೆಕ್ಕಕ್ಕೆ ಬರುತ್ತವೆ. ಹೆಚ್ಚಿನವರು ತಪ್ಪುವುದು ದಿನದ ಲೆಕ್ಕದಲ್ಲಿ: ಮೊದಲ ದಿನ ಎದ್ದ ಕೂಡಲೇ ಹೋದದ್ದನ್ನು ಆ ದಿನದ ಮೊತ್ತಕ್ಕೆ ಸೇರಿಸಬೇಡಿ, ಮರುದಿನ ಬೆಳಗಿನ ಮೊದಲನೆಯದನ್ನು ಸೇರಿಸಿ. ಆಗ ಸರಿಯಾಗಿ 24 ಗಂಟೆ ಆಗುತ್ತದೆ.

ಈಗ ಹಾಳೆ ನೋಡಿ. ದಿನದ ಮೊತ್ತ 3 ಲೀಟರ್ ದಾಟಿದರೆ ತೊಂದರೆ ಮೂತ್ರಕೋಶದ್ದಲ್ಲ. ಒಂದೋ ನೀರು ಅತಿಯಾಗಿ ಕುಡಿಯುತ್ತಿದ್ದೀರಿ, ಇಲ್ಲವೇ ಸಕ್ಕರೆ ಕಾಯಿಲೆಯಂಥದ್ದೇನೋ ಇದೆ. ಬಾಯಾರಿಕೆ ಹೆಚ್ಚಿ ತೂಕವೂ ಇಳಿಯುತ್ತಿದ್ದರೆ ಆ ದಿನವೇ ರಕ್ತದ ಸಕ್ಕರೆ ನೋಡಿಸಿ, ಚಿಕ್ಕ ವಯಸ್ಸೆಂದು ತಳ್ಳಿಹಾಕಬೇಡಿ. ಮೊತ್ತ ಒಂದೂವರೆ ಲೀಟರ್ ಆಸುಪಾಸಿದ್ದು, ಹಗಲಲ್ಲಿ ಪ್ರತಿ ಸಲ 100 ಮಿ.ಲೀ. ಮಾತ್ರ ಆಗಿ, ಬೆಳಗಿನ ಮೊದಲನೆಯದು 400 ಇದ್ದರೆ ಸಮಾಧಾನಪಡಿ: ನಿಮ್ಮ ಮೂತ್ರಕೋಶಕ್ಕೆ ಹಿಡಿಯುವ ಶಕ್ತಿ ಇದೆ. ಹಗಲಿನದು ಬಹುಮಟ್ಟಿಗೆ ಅಭ್ಯಾಸ, ಕಾಫಿ, ಆತಂಕಗಳ ಕೆಲಸ. ರಾತ್ರಿಯೂ ನಿದ್ದೆ ಕೆಡಿಸಿ ಸ್ವಲ್ಪ ಸ್ವಲ್ಪವೇ ಬರುತ್ತಿದ್ದರೆ ಕಲ್ಲು, ಸೋಂಕು, ಉರಿಯೂತ ಇದೆಯೇ ಎಂದು ನೋಡಿಸಬೇಕು.

ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಮಂಡ್ಯದ ಮಿಮ್ಸ್‌ಗೋ ಹೋಗುವಾಗ ಈ ಹಾಳೆ ಕೈಯಲ್ಲಿರಲಿ. ಮೂತ್ರದ ಸಾಮಾನ್ಯ ಪರೀಕ್ಷೆ ಮತ್ತು ಕಲ್ಚರ್ (ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ), ಊಟದ ಮುಂಚೆ ಹಾಗೂ ನಂತರದ ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ), ಬೇಕೆನಿಸಿದರೆ ಹೊಟ್ಟೆಯ ಸ್ಕ್ಯಾನಿಂಗ್ ಹೇಳುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯಿತೆಂದು ಅಳೆಯಲು ಕೇಳಿ. 50 ಮಿ.ಲೀ.ಗಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ. ಕಲ್ಚರ್‌ಗೆ ಕೊಡುವಾಗ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಮೆಡಿಕಲ್ ಸ್ಟೋರಿನಿಂದ ಆಂಟಿಬಯೋಟಿಕ್ ನುಂಗಿ ಆಮೇಲೆ ಕೊಟ್ಟರೆ ಸೋಂಕಿದ್ದರೂ ಕಾಣದೇ ಹೋಗಬಹುದು. ಮುಟ್ಟು ತಪ್ಪಿದ್ದರೆ ಗರ್ಭ ಪರೀಕ್ಷೆ ಮರೆಯಬೇಡಿ. ಲೈಂಗಿಕ ಸಂಪರ್ಕವಿದ್ದು ಉರಿ ಅಥವಾ ಸ್ರಾವ ಇದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ, ಅದರ ಪರೀಕ್ಷೆಯೇ ಬೇರೆ. ಮೂತ್ರದಲ್ಲಿ ರಕ್ತ, ಚಳಿಜ್ವರದೊಂದಿಗೆ ಪಕ್ಕೆನೋವು, ಮೂತ್ರ ಕಟ್ಟಿಕೊಳ್ಳುವುದು, ಕಾಲು ಸೋಲುವುದು, ತೊಡೆಸಂದಿಯಲ್ಲಿ ಜೋಮು ಹಿಡಿಯುವುದು, ಇವುಗಳಲ್ಲಿ ಯಾವುದೇ ಕಂಡರೂ ಹಾಳೆ ಬರೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪರೀಕ್ಷೆಗಳೆಲ್ಲ ಸರಿಯಿದ್ದರೆ ಉಳಿಯುವುದು ಮೂತ್ರಕೋಶವನ್ನು ಪಳಗಿಸುವ ಕೆಲಸ. ನಿಮ್ಮ ಈಗಿನ ಅಂತರ ಒಂದು ಗಂಟೆಯಾದರೆ ಮೊದಲ ವಾರ ಒಂದೂಕಾಲು ಗಂಟೆಗೆ ಹೋಗಿ. ಅದು ಸಲೀಸಾದ ಮೇಲೆ ವಾರಕ್ಕೆ 15 ನಿಮಿಷದಂತೆ ಏರಿಸುತ್ತಾ ಮೂರು ಗಂಟೆಗೆ ತನ್ನಿ. ನಡುವೆ ಅವಸರ ಬಂದರೆ ಓಡಬೇಡಿ, ಓಡಿದಷ್ಟೂ ಅದು ಜೋರಾಗುತ್ತದೆ. ಕುಳಿತುಕೊಂಡು, ಗಾಳಿ ಬಿಡದಂತೆ ತಡೆಯುವಾಗ ಬಿಗಿಯುವ ಸ್ನಾಯುವನ್ನು ಐದಾರು ಸಲ ಬೇಗ ಬೇಗ ಬಿಗಿದು ಬಿಡಿ. ಹೊಟ್ಟೆ, ತೊಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಬಿಗಿದಾಗ ನೋವಾದರೆ ಬಿಟ್ಟುಬಿಡಿ: ಆ ಸ್ನಾಯು ಆಗಲೇ ಬಿಗಿದುಕೊಂಡಿರಬಹುದು, ಅದಕ್ಕೆ ಫಿಸಿಯೋಥೆರಪಿ ಬೇಕು. ಅವಸರ ತಾನಾಗಿ ಇಳಿದ ಮೇಲೆ ನಿಧಾನವಾಗಿ ಎದ್ದು ಹೋಗಿ. ‘ಹೊರಡೋ ಮುಂಚೆ ಒಂದ್ಸಲ ಹೋಗಿಬಿಡೋಣ’ ಎಂದು ಬರದಿದ್ದರೂ ಹೋಗುವ ರೂಢಿಯೇ ಅನೇಕರ ಮೂತ್ರಕೋಶವನ್ನು ಕೆಡಿಸಿರುತ್ತದೆ. ದೂರದ ಪ್ರಯಾಣಕ್ಕೆ ಮುನ್ನ ಒಮ್ಮೆ ಹೋಗುವುದಕ್ಕೆ ಅಡ್ಡಿಯಿಲ್ಲ, ಮನೆಯಿಂದ ಅಂಗಡಿಗೆ ಹೊರಡುವಾಗಲೆಲ್ಲ ಬೇಡ. ಫಲ ಕಾಣಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ಎರಡನೇ ವಾರಕ್ಕೇ ಕೈಬಿಡಬೇಡಿ.

ಫಿಲ್ಟರ್ ಕಾಫಿ ಬಿಡುವುದು ನಮ್ಮ ಕಡೆಯವರಿಗೆ ಕಷ್ಟವೇ. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ. ಮೂರು ಲೋಟ ಕುಡಿಯುವವರು ಮೂರು ನಾಲ್ಕು ದಿನಕ್ಕೊಂದು ಲೋಟ ಇಳಿಸಿ, ಕೊನೆಗೆ ಬೆಳಗಿನದೊಂದನ್ನು ಉಳಿಸಿಕೊಳ್ಳಿ. ಟೀ, ಕೋಲಾ, ಎನರ್ಜಿ ಡ್ರಿಂಕ್‌ಗಳಿಗೂ ಇದೇ ಮಾತು. ಹಾಗೆಂದು ನೀರು ನಿಲ್ಲಿಸಬೇಡಿ: ಮೂತ್ರ ಗಾಢವಾದರೆ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ. ಎಲ್ಲ ಸೇರಿ ಒಂದೂವರೆಯಿಂದ ಎರಡು ಲೀಟರ್ ಸಾಕು, ಬಿಸಿಲಲ್ಲಿ ಗದ್ದೆ ಕೆಲಸ ಮಾಡುವವರಿಗೆ ಹೆಚ್ಚು ಬೇಕು. ಡಿಸೆಂಬರ್ ಚಳಿಯಲ್ಲಿ ಬೆವರದೆ ಮೂತ್ರ ಹೆಚ್ಚಾಗುವುದು ಸಹಜ. ಮಲಬದ್ಧತೆ ಇದ್ದರೆ ಅದನ್ನು ಮೊದಲು ಸರಿಮಾಡಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ. ಮುದ್ದೆ, ಸೊಪ್ಪಿನ ಸಾರು ಇಲ್ಲಿ ನಿಜವಾಗಿ ಉಪಕಾರಿ.

ಅಭ್ಯಾಸ ಕೈಗೂಡುವವರೆಗೆ ಮೈಸೂರು, ಮಂಡ್ಯದಿಂದ ಬೆಂಗಳೂರಿಗೆ ಓಡಾಡುವವರು ಬಸ್ಸಿಗಿಂತ ಚಾಮುಂಡಿ ಎಕ್ಸ್‌ಪ್ರೆಸ್‌ನಂಥ ರೈಲು ಹಿಡಿಯುವುದು ಮೇಲು. ಶೌಚಾಲಯ ಹತ್ತಿರವಿದೆ ಎಂದು ಗೊತ್ತಿದ್ದರೆ ಅರ್ಧ ಅವಸರ ಅಲ್ಲೇ ಇಳಿಯುತ್ತದೆ. ಇಷ್ಟಾದರೂ ಮೂರು ತಿಂಗಳಲ್ಲಿ ಬದಲಾವಣೆ ಕಾಣದಿದ್ದರೆ ಮೂತ್ರರೋಗ ತಜ್ಞರು ಸಾಲಿಫೆನಾಸಿನ್ ಅಥವಾ ಮಿರಾಬೆಗ್ರಾನ್ ಮಾತ್ರೆ ಬರೆದುಕೊಡಬಹುದು. ಮೊದಲನೆಯದು ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ. ಎರಡನೆಯದು ಬಿ.ಪಿ. ಏರಿಸಬಹುದಾದ್ದರಿಂದ ಆಗಾಗ ಬಿ.ಪಿ. ನೋಡಿಸುತ್ತಿರಬೇಕು.