ಕವಿಯೊಡನೆ ಒಂದು ಸಂಜೆ: ಕಲಬುರಗಿಯಲ್ಲಿ ಏರ್ಪಡಿಸುವ ಬಗೆ

ದೊಡ್ಡ ಕವಿಯನ್ನು ದೂರದಿಂದ ಕರೆಸಿ, ಕವಿತೆಗೆ ಇಪ್ಪತ್ತೇ ನಿಮಿಷ ಉಳಿಸುವ ಕಾರ್ಯಕ್ರಮಗಳು ನಮ್ಮಲ್ಲಿ ಬಹಳ. ಸ್ವಾಗತ, ಪ್ರಾಸ್ತಾವಿಕ, ಸನ್ಮಾನ, ಅಧ್ಯಕ್ಷೀಯ ನುಡಿ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನ ಮಂದಿ ಎದ್ದುಹೋಗಿರುತ್ತಾರೆ. ವೇದಿಕೆಗೆ ಎರಡೇ ಕುರ್ಚಿ ಹಾಕಿ: ಒಂದು ಕವಿಗೆ, ಒಂದು ಮಾತಾಡಿಸುವವರಿಗೆ. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆಯೇ ಇದು ತೀರ್ಮಾನವಾಗಬೇಕು. ಹೆಸರು ಅಚ್ಚಾದ ಮೇಲೆ ಯಾರನ್ನೂ ಕೆಳಗೆ ಕೂಡಿಸಲಾಗದು.

ಒಟ್ಟು 90 ನಿಮಿಷ: ಪರಿಚಯ 5, ವಾಚನ 40, ಸಂವಾದ 25, ಸಭಿಕರ ಪ್ರಶ್ನೆ 15, ಶಾಲು-ವಂದನೆ 5. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೈಕ್ ಸಭೆಗೆ ಹೋದರೆ ಪ್ರಶ್ನೆಯ ಬದಲು ಭಾಷಣ ಬರುತ್ತದೆ.

ನೂರೈವತ್ತು ಮಂದಿಯ ನಿರೀಕ್ಷೆಯಿದ್ದರೆ ಎಸ್.ಎಂ. ಪಂಡಿತ್ ರಂಗಮಂದಿರದಂಥ ದೊಡ್ಡ ಜಾಗ ಬೇಡ, ಸಣ್ಣ ಸಭಾಂಗಣ ಸಾಕು. ಚದುರಿ ಕೂತ ಮಂದಿಗೆ ಕವಿತೆ ತಟ್ಟುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆರೂವರೆಗೆ ಮುಂಚೆ ಶುರು ಮಾಡಬೇಡಿ.

ಹೆಚ್ಚು ಎಡವುವುದು ಮೈಕಿನಲ್ಲಿ. ಬಾಯಿಂದ ಒಂದು ಗೇಣು ದೂರ, ನೇರಕ್ಕಿಡದೆ ತುಸು ಪಕ್ಕಕ್ಕೆ ಇಡಿ. ಎದುರಿಗಿದ್ದರೆ ಪ, ಫ, ಭ ಬಂದಾಗಲೆಲ್ಲ ಗಾಳಿ ಬಡಿದು ‘ಢಬ್’ ಎನ್ನುತ್ತದೆ. ಸ್ಪೀಕರುಗಳು ಮೈಕಿಗಿಂತ ಮುಂದಿರಲಿ, ಹಿಂದಿದ್ದರೆ ಕೀರಲು ಸದ್ದು ಖಚಿತ. ವೇದಿಕೆಯ ಫ್ಯಾನ್ ವಾಚನದ ಹೊತ್ತು ಆರಿಸಿ, ಹಾಳೆಯೂ ಹಾರದು. ಎಕೋ ಪೂರ್ತಿ ತೆಗೆಸಿ. ಭಾವಗೀತೆಯ ರೂಢಿಯಲ್ಲಿ ಆಪರೇಟರ್ ಅದನ್ನು ಹಾಕಿಯೇ ಇರುತ್ತಾರೆ, ಸಾಲಿನ ಕೊನೆಯ ಪದ ಅದರಲ್ಲಿ ಕಲಸಿಹೋಗುತ್ತದೆ.

ವಾರ ಮೊದಲೇ ಕವಿಯಿಂದ ಹದಿನೈದು ಕವಿತೆಗಳ ಪಟ್ಟಿ ತರಿಸಿ, 18 ಪಾಯಿಂಟ್ ಅಕ್ಷರದಲ್ಲಿ, ಒಂದೇ ಮಗ್ಗುಲಿಗೆ ಪ್ರಿಂಟ್ ಹಾಕಿಸಿ. ಪೀಠಕ್ಕೊಂದು ಓದುವ ದೀಪ, ಕರೆಂಟ್ ಹೋದರೆ ಉರಿಯಲು ಬ್ಯಾಟರಿ ದೀಪ ಇರಲಿ.

ಉರ್ದು ಕವಿಯಾದರೆ ಮೊದಲು ಮೂಲ ಪೂರ್ತಿ, ಆಮೇಲೆ ಕನ್ನಡ. ಸಾಲುಸಾಲಿಗೆ ಅನುವಾದಿಸಿದರೆ ಲಯ ಮುರಿಯುತ್ತದೆ. ಮುಶಾಯಿರಾ (ಉರ್ದು ಕವಿಗೋಷ್ಠಿ) ಕೇಳಿ ಬೆಳೆದ ಊರಿದು, ‘ಮುಕರ್ರರ್’ (ಮತ್ತೊಮ್ಮೆ) ಎಂದು ಶೇರ್ (ಎರಡು ಸಾಲಿನ ಪದ್ಯ) ಮತ್ತೆ ಓದಿಸುತ್ತಾರೆ. ಓದಲಿ, ಅದಕ್ಕೆ ಬೇಕಾದ ಸಮಯವನ್ನು ಸಂವಾದದಲ್ಲಿ ಕಡಿತ ಮಾಡಿ.

ಪುಸ್ತಕದ ಮೇಜು ಬಾಗಿಲ ಹೊರಗಿರಲಿ, ಚಿಲ್ಲರೆ ಮತ್ತು ಕ್ಯೂಆರ್ ಕೋಡ್ ಎರಡೂ ಬೇಕು. ಸಂಭಾವನೆಯ ಲಕೋಟೆಯನ್ನು ಕಾರ್ಯಕ್ರಮಕ್ಕೆ ಮುಂಚೆಯೇ ಕೊಡಿ. ರಾತ್ರಿ ರೈಲಿದ್ದರೆ ಹಸ್ತಾಕ್ಷರದ ಸಾಲು ನಿಲ್ಲಿಸುವ ಹೊಣೆ ಒಬ್ಬರಿಗಿರಲಿ, ಊಟ ಮಾಡಲು ಕವಿಗೆ ಅರ್ಧ ತಾಸಾದರೂ ಸಿಗಬೇಕು.