ಮೊದಲು ಗುಡ್ಡ, ಆಮೇಲೆ ಉಪನ್ಯಾಸ: ಕೊಪ್ಪಳದ ಪರಂಪರಾ ನಡಿಗೆಗಳ ನನ್ನ ಅನುಭವ

ಕೊಪ್ಪಳದ ನಮ್ಮ ಚಿಕ್ಕ ಸಂಘವು ಚಳಿಗಾಲದಲ್ಲಿ ತಿಂಗಳಿಗೊಂದು ಭಾನುವಾರ ಪರಂಪರಾ ನಡಿಗೆಯನ್ನೂ, ಮುಂದಿನ ಶನಿವಾರ ಸಂಜೆ ಅದೇ ಸ್ಥಳವನ್ನು ಕುರಿತ ಉಪನ್ಯಾಸವನ್ನೂ ಏರ್ಪಡಿಸುತ್ತದೆ. ಇಂಥ ಕಾರ್ಯಕ್ರಮಗಳಲ್ಲಿ ಮೊದಲು ಪ್ರಾಧ್ಯಾಪಕರ ಭಾಷಣ, ನಂತರ ಬಸ್ಸು ಎಂಬುದೇ ಹೆಚ್ಚಾಗಿ ಕಂಡುಬರುವ ರೂಢಿ. ಸಂಚಾಲಕನ ಹೊಣೆ ನನ್ನ ಪಾಲಿಗೆ ಬಂದಂದಿನಿಂದ ಈ ಕ್ರಮವನ್ನು ತಿರುಗಿಸಿಯೇ ನಡೆಸಿಕೊಂಡು ಬಂದಿದ್ದೇನೆ. ಕಣ್ಣಾರೆ ಕಾಣದ ಬಂಡೆಯ ಬಗ್ಗೆ ಯಾರಲ್ಲಿಯೂ ಪ್ರಶ್ನೆಗಳಿರುವುದಿಲ್ಲ. ಪ್ರಶ್ನೆಗಳಿಲ್ಲದ ಸಭೆಯಲ್ಲಿ ಎಂಥ ವಿದ್ವಾಂಸರ ಮಾತಾದರೂ ವಂದನಾರ್ಪಣೆಯೊಡನೆ ಮುಗಿದುಹೋಗುತ್ತದೆ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಅಶೋಕನ ಶಾಸನಗಳ ನಡಿಗೆಯಲ್ಲಿ. ನಮ್ಮ ಊರಿನಲ್ಲಿ ಮೌರ್ಯ ಚಕ್ರವರ್ತಿಯ ಒಂದೇ ಕಿರುಶಾಸನ ಎರಡು ಕಡೆ ಇದೆ: ಒಂದು ಗವಿಮಠದ ಗುಡ್ಡದಲ್ಲಿ, ಇನ್ನೊಂದು ಪಾಲ್ಕಿಗುಂಡಿನಲ್ಲಿ. ಎರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಗವಿಮಠದ ಪಾಠವು ಎಂಟು ಸಾಲುಗಳಲ್ಲಿ ಬಹುಮಟ್ಟಿಗೆ ಉಳಿದುಕೊಂಡಿದ್ದರೆ ಪಾಲ್ಕಿಗುಂಡಿನದು ಗಾಳಿಮಳೆಗೆ ಸವೆದು ಅಲ್ಲಲ್ಲಿ ಕೆಲವು ಅಕ್ಷರಗಳಾಗಿ ಮಾತ್ರ ಕಾಣುತ್ತದೆ. ಆದ್ದರಿಂದ ನಾನು ಬೇಕೆಂದೇ ಮೊದಲು ಪಾಲ್ಕಿಗುಂಡಿಗೆ ಕರೆದೊಯ್ಯುತ್ತೇನೆ. ಎರಡು ಹೆಬ್ಬಂಡೆಗಳ ಮೇಲೆ ಹಾಸುಬಂಡೆಯೊಂದು ಕುಳಿತ ಆ ನೆಲೆಯಲ್ಲಿ ಜನ ಅಕ್ಷರಕ್ಕಾಗಿ ಹುಡುಕಾಡುತ್ತಾರೆ, ಬೇಸರಪಡುತ್ತಾರೆ, ‘ಇಲ್ಲಿ ಏನೂ ಇಲ್ಲವಲ್ಲ ಸರ್’ ಎನ್ನುತ್ತಾರೆ. ಆ ಬೇಸರದೊಂದಿಗೆ ಗವಿಮಠದ ಬಂಡೆಯ ಮುಂದೆ ನಿಂತಾಗ ಅಲ್ಲಿನ ಸಾಲುಗಳ ಬೆಲೆ ಯಾರೂ ಹೇಳದೆಯೇ ತಿಳಿಯುತ್ತದೆ.

ಸ್ಥಳದಲ್ಲಿ ನಾನು ಆಡುವ ಮಾತು ಬಹಳ ಕಡಿಮೆ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ಕಾಲ ಕ್ರಿಸ್ತಪೂರ್ವ ಮೂರನೆಯ ಶತಮಾನ ಎಂಬಷ್ಟನ್ನು ಹೇಳಿ ‘ದೇವಾನಂಪಿಯ’ (ದೇವರಿಗೆ ಪ್ರಿಯನಾದವನು) ಎಂಬ ಅಶೋಕನ ಬಿರುದಿನ ದ, ವ, ನ, ಪ, ಯ ಎಂಬ ಐದು ಅಕ್ಷರಗಳನ್ನು ದೊಡ್ಡದಾಗಿ ಬರೆದ ಹಾಳೆಯೊಂದನ್ನು ಎಲ್ಲರ ಕೈಗೂ ಕೊಡುತ್ತೇನೆ. ಅಡ್ಡಗೆರೆಯ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದರೆ ಅದು ‘ನ’. ಇದನ್ನು ಬಂಡೆಯ ಮೇಲೆ ಮೊದಲು ಗುರುತಿಸುವವರು ಹೆಚ್ಚಾಗಿ ಶಾಲೆಯ ಮಕ್ಕಳೇ. ನಿವೃತ್ತ ಶಿಕ್ಷಕರು ಇದನ್ನು ಅಷ್ಟಾಗಿ ಮೆಚ್ಚುವುದಿಲ್ಲ. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ತೀಡುವುದಕ್ಕಾಗಲಿ, ನೀರು ಎರಚುವುದಕ್ಕಾಗಲಿ ಯಾರಿಗೂ ಅವಕಾಶ ಕೊಡುವುದಿಲ್ಲ. ಎಳೆಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಕೊರೆದ ಗೆರೆಗಳು ತಾವಾಗಿಯೇ ನೆರಳು ಹಿಡಿಯುತ್ತವೆ. ಬಂಡೆಗೆ ನೇರ ಬಿಸಿಲು ತಾಗದ ಕಡೆ ಕೈದೀಪವನ್ನು ಪಕ್ಕದಿಂದ ಹಿಡಿದರೂ ಅದೇ ಪರಿಣಾಮ ಸಿಗುತ್ತದೆ.

ಕೇಳಿಬಂದ ಪ್ರಶ್ನೆಗಳನ್ನು ಸಂಘದ ಕಾರ್ಯದರ್ಶಿ ಅಕ್ಕನವರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಂದು ಸಂಜೆಯೇ ಉಪನ್ಯಾಸಕರಿಗೆ ಕಳುಹಿಸುತ್ತಾರೆ. ಒಂದೇ ಊರಿನಲ್ಲಿ ಎರಡು ಪ್ರತಿ ಏಕೆ, ಕನ್ನಡ ನಾಡಿನಲ್ಲಿ ಪ್ರಾಕೃತವನ್ನು ಯಾರಿಗಾಗಿ ಕೊರೆಸಿದರು, ಸವೆದ ಸಾಲುಗಳಲ್ಲಿ ಏನಿತ್ತೆಂದು ವಿದ್ವಾಂಸರಿಗೆ ಹೇಗೆ ಗೊತ್ತಾಯಿತು ಎಂಬವು ಅಂದಿನ ಪ್ರಶ್ನೆಗಳು. ಉಪನ್ಯಾಸಕರು ಕೊನೆಯ ಪ್ರಶ್ನೆಯಿಂದಲೇ ಆರಂಭಿಸಿ, ಉಳಿದಿರುವ ಒಂದು ಪಾಠದ ನೆರವಿನಿಂದ ಅಳಿದ ಪಾಠವನ್ನು ತುಂಬಿಕೊಳ್ಳುವ ಬಗೆಯನ್ನು ವಿವರಿಸಿ, ಅಲ್ಲಿಂದ ರಾಯಚೂರು ಜಿಲ್ಲೆಯ ಮಸ್ಕಿಗೆ ಬಂದರು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇದ್ದುದರಿಂದ ದೇವಾನಂಪಿಯ ಯಾರೆಂಬ ಸಂಶಯ ಹರಿಯಿತು. ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ದೊರೆತಿದೆ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂಬ ಶಾಸನದ ಮಾತನ್ನು ಅವರು ಬಿಡಿಸಿ ಹೇಳಿದಾಗ, ಆ ಬಂಡೆಯ ಮುಂದೆ ನಿಂತು ಬಂದಿದ್ದ ಸಭಿಕರು ಮತ್ತೊಮ್ಮೆ ಓದಿ ಹೇಳುವಂತೆ ಕೇಳಿಕೊಂಡರು.

ನಡಿಗೆಯ ಕಾಲವನ್ನು ಕಾರ್ತಿಕದಿಂದ ಮಾಘದವರೆಗೆ ಇಟ್ಟುಕೊಳ್ಳುವುದು ನಮ್ಮ ಸೀಮೆಯಲ್ಲಿ ಅನಿವಾರ್ಯ. ಅದರೊಳಗೂ ಗವಿಸಿದ್ಧೇಶ್ವರ ಜಾತ್ರೆಯ ದಿನಗಳನ್ನು ಬಿಟ್ಟುಬಿಡುತ್ತೇವೆ, ಏಕೆಂದರೆ ಲಕ್ಷಾಂತರ ಭಕ್ತರು ಸೇರುವಾಗ ಮಠದ ಆಸುಪಾಸಿನಲ್ಲಿ ಶಾಸನ ನೋಡಲು ಗುಂಪು ಕಟ್ಟಿಕೊಂಡು ಹೋಗುವುದು ಸರಿಯಲ್ಲ. ಬೇಸಿಗೆಯಲ್ಲಿ ಉಪನ್ಯಾಸ ಮಾತ್ರ, ಅದೂ ದೀಪ ಹಚ್ಚಿದ ಮೇಲೆ.

ಹಿರೇಬೆಣಕಲ್ಲಿಗೆ ಹೋಗುವಾಗ ನಿಯಮಗಳು ಬಿಗಿಯಾಗುತ್ತವೆ. ಗಂಗಾವತಿ ತಾಲ್ಲೂಕಿನ ಆ ಬೆಟ್ಟದ ಮೇಲಿರುವ ಬೃಹತ್ ಶಿಲಾಯುಗದ ಕಲ್ಮನೆಗಳು (ಕಲ್ಲುಚಪ್ಪಡಿಗಳ ಸಮಾಧಿಗಳು) 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ನಂತರ ನೋಡುವವರ ಆಸಕ್ತಿ ಹೆಚ್ಚಾಗಿದೆ, ಆದರೆ ಬೆಟ್ಟದ ದಾರಿಯೇನೂ ಸುಲಭವಾಗಿಲ್ಲ. ಬೆಳಕು ಹರಿಯುತ್ತಲೇ ಹತ್ತಲು ಆರಂಭಿಸಿ ಬಿಸಿಲೇರುವ ಮುನ್ನ ಇಳಿಯಬೇಕು. ದಾರಿ ಬಲ್ಲ ಊರಿನವರೊಬ್ಬರು ಮುಂದೆ, ನಮ್ಮವರಲ್ಲೇ ಗಟ್ಟಿಗರೊಬ್ಬರು ಎಲ್ಲರಿಗಿಂತ ಹಿಂದೆ. ಅವರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ದಾರಿ ತೋರಿಸುವವರಿಗೆ ಕೂಲಿಯನ್ನು ಮೊದಲೇ ಮಾತಾಡಿ ಕೊಡುವುದು ಸರಿ. ಚಹಾ ಕುಡಿಸಿ ಕೈಮುಗಿದು ಬರುವುದು ಮರ್ಯಾದೆಯಲ್ಲ. ಮಂಡಿನೋವಿರುವ ಹಿರಿಯರಿಗೆ ‘ಇದು ಬೇಡ, ಇಟಗಿಗೆ ಬನ್ನಿ’ ಎಂದು ನೇರವಾಗಿ ಹೇಳುತ್ತೇನೆ. ಒಬ್ಬಿಬ್ಬರು ಮುನಿಸಿಕೊಂಡದ್ದೂ ಉಂಟು.

ಇಟಗಿಯ ಪ್ರವಾಸದಲ್ಲಿ ಮೊದಲು ಕುಕನೂರಿನಲ್ಲಿ ಇಳಿದು ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳನ್ನು ನೋಡಿ, ಬಳಿಕ 1112ರಲ್ಲಿ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಇಟಗಿಯಲ್ಲಿ ಕಟ್ಟಿಸಿದ ದೇವಾಲಯಕ್ಕೆ ಹೋಗುತ್ತೇವೆ. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿರುವುದರಿಂದ ಅಲ್ಲಿ ನಾನು ವಿಶೇಷಣ ಸೇರಿಸುವುದಿಲ್ಲ. ಕಂಬಗಳ ನಡುವೆ ಒಂದಷ್ಟು ಹೊತ್ತು ಎಲ್ಲರನ್ನೂ ಅವರವರ ಪಾಡಿಗೆ ಬಿಟ್ಟು, ಆಮೇಲೆ ಏನು ಕಂಡಿರಿ ಎಂದು ಕೇಳುತ್ತೇನೆ.

ಖರ್ಚಿನ ವಿಷಯ. ಊರೊಳಗಿನ ನಡಿಗೆಗೆ ಶುಲ್ಕವಿಲ್ಲ. ಬಸ್ಸಿನ ಪ್ರವಾಸಕ್ಕೆ ಬಾಡಿಗೆಯನ್ನು ತಲೆಗೆ ಇಷ್ಟೆಂದು ಹಂಚಿ, ಮುಂಗಡ ಕೊಟ್ಟವರ ಹೆಸರನ್ನು ಮಾತ್ರ ಪಟ್ಟಿಗೆ ಸೇರಿಸುತ್ತೇವೆ. ಮಾತಿನ ಮೇಲೆ ಸೀಟು ಹಿಡಿದಿಡುವುದಿಲ್ಲ. ಉಪನ್ಯಾಸಕರಿಗೆ ಶಾಲು, ಹಾರ ಬೇಡವೆಂದು ತೀರ್ಮಾನಿಸಿ ಆ ಹಣವನ್ನು ಅವರ ಪ್ರಯಾಣದ ವೆಚ್ಚಕ್ಕೆ ಕೊಡುತ್ತಿದ್ದೇವೆ. ಮರದ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರರ ಮನೆಗಳಿಗೆ ಹೋಗುವುದು ಮುಂದಿನ ಸರದಿ. ಒಮ್ಮೆಗೆ ಹತ್ತು ಜನರಿಗಿಂತ ಹೆಚ್ಚು ಬರಬಾರದು, ಗೊಂಬೆ ಕೊಳ್ಳುವವರು ಚೌಕಾಸಿ ಮಾಡಬಾರದು ಎಂಬ ಎರಡು ಷರತ್ತುಗಳನ್ನು ಆಹ್ವಾನದಲ್ಲಿಯೇ ಬರೆದಿದ್ದೇವೆ.