ಕುಂದಾಪುರದಿಂದ ಲಾಂಗಿಯರ್‌ಬ್ಯೆನ್‌ಗೆ, ಅದೂ ಜನವರಿಯಲ್ಲಿ

ಉತ್ತರ ಧ್ರುವದ ಕಡೆಗೆ ನಾರ್ವೆಗೆ ಸೇರಿದ ದ್ವೀಪಗಳಿವೆ, ಹೆಸರು ಸ್ವಾಲ್‌ಬಾರ್ಡ್. ಅಲ್ಲಿನ ಮುಖ್ಯ ಊರು ಲಾಂಗಿಯರ್‌ಬ್ಯೆನ್. ಸ್ವಾಲ್‌ಬಾರ್ಡಿಗೆ ಹೋಗುವುದಾದರೆ ಬೇಸಿಗೆಯಲ್ಲಿ ಹೋಗಿ, ಬೆಳಕಿರುತ್ತದೆ, ನಿಧಾನಕ್ಕೆ ಒಗ್ಗಿಕೊಳ್ಳಬಹುದು. ಎಲ್ಲರೂ ಹೇಳುವುದು ಇದನ್ನೇ. ನಾನು ಬಂದಿದ್ದು ಜನವರಿ ಮಧ್ಯದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೂ ನಡುರಾತ್ರಿಯಂಥ ಕತ್ತಲಿರುವಾಗ. ಹಡಗಿನ ಅಡುಗೆಮನೆಯಲ್ಲಿ ಜೊತೆಗಿದ್ದವರು "ಎಂತಕ್ಕೆ ಬೇಕು ಮಾರಾಯ, ಒಂದು ತಿಂಗಳಿಗೆ ವಾಪಸ್ ಬರ್ತಿ ನೋಡು" ಎಂದಿದ್ದರು. ಈಗ ಎರಡನೇ ಚಳಿಗಾಲ. ಇಲ್ಲೇ ಇದ್ದೇನೆ, ಕೆಲಸವಿದೆ, ಮನೆಗೆ ದುಡ್ಡೂ ಹೋಗುತ್ತಿದೆ.

ನನ್ನ ಲೆಕ್ಕ ಇಷ್ಟೇ. ಈ ಊರಿರುವುದು 78 ಡಿಗ್ರಿ ಉತ್ತರದಲ್ಲಿ. ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಏಳುವುದು ಫೆಬ್ರವರಿ ಮಧ್ಯಕ್ಕೆ. ಆಗಸ್ಟಿನಲ್ಲಿ ಬಂದವನಿಗೆ ದಿನ ಕಳೆದಂತೆ ಬೆಳಕು ಕಮ್ಮಿಯಾಗುತ್ತಾ ಹೋಗುತ್ತದೆ. ಕೆಲಸ, ಜನ, ಮನೆ ಯಾವುದೂ ಇನ್ನೂ ಕೈಗೆ ಹತ್ತಿರುವುದಿಲ್ಲ, ಅಷ್ಟರಲ್ಲಿ ಕತ್ತಲೆ. ಜನವರಿಯಲ್ಲಿ ಬಂದವನಿಗೆ ಕೆಟ್ಟದ್ದು ಮೊದಲ ದಿನವೇ ಮುಗಿಯಿತು. ತಿಂಗಳ ಕೊನೆಗೆ ಆಕಾಶ ನೀಲಿಯಾಗುತ್ತದೆ. ಆಮೇಲೆ ದಿನಕ್ಕೆ ಇಪ್ಪತ್ತು ನಿಮಿಷದ ಹಾಗೆ ಬೆಳಕು ಜಾಸ್ತಿ. ಸುತ್ತ ಗುಡ್ಡ ಇರುವುದರಿಂದ ಊರೊಳಗೆ ಬಿಸಿಲು ಬೀಳುವುದು ಮಾರ್ಚ್ 8ರ ಸುಮಾರಿಗೆ. ಅವತ್ತು ಊರಿಗೆ ಊರೇ ಹಳೆ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರುತ್ತದೆ. ಏಪ್ರಿಲ್ ಮೂರನೇ ವಾರ ದಾಟಿದರೆ ಸೂರ್ಯ ಮುಳುಗುವುದೇ ಇಲ್ಲ. ಇನ್ನೊಂದು ಲಾಭವೂ ಉಂಟು. ಹಿಮದ ಸ್ಕೂಟರ್ ಸೀಸನ್ ಫೆಬ್ರವರಿಯಿಂದ ಮೇವರೆಗೆ. ಹೋಟೆಲ್‌ನವರಿಗೆ ಕೈ ಬೇಕಾಗುವುದು ಆಗಲೇ.

ಇಲ್ಲಿರಲು, ಕೆಲಸ ಮಾಡಲು ವೀಸಾ ಬೇಡ, 1920ರ ಸ್ವಾಲ್‌ಬಾರ್ಡ್ ಒಪ್ಪಂದ ಹಾಗಿದೆ. ಆದರೆ ದಾರಿ ನಾರ್ವೆಯ ಮುಖ್ಯಭೂಮಿಯ ಮೇಲೆ. ಅದಕ್ಕೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಬೇಕು. ಸ್ವಾಲ್‌ಬಾರ್ಡ್ ಅದರ ಹೊರಗಿದೆ. ಹಾಗಾಗಿ ಆ ವೀಸಾ ಡಬಲ್ ಎಂಟ್ರಿಯದ್ದೇ ಆಗಿರಬೇಕು, ವಾಪಸ್ ಬರುವಾಗಲೂ ಓಸ್ಲೋದಲ್ಲೋ ಟ್ರೊಮ್ಸೋದಲ್ಲೋ ಇಳಿಯಬೇಕಲ್ಲ. ಮಂಗಳೂರಿನಲ್ಲಿ ಒಬ್ಬ ಏಜೆಂಟ್ "ಸ್ವಾಲ್‌ಬಾರ್ಡ್ ಪರ್ಮಿಟ್" ಎಂದು ಮೂರು ಲಕ್ಷ ಕೇಳಿದ. ಇಲ್ಲದ ಕಾಗದಕ್ಕೆ ಮೂರು ಲಕ್ಷ! ಒಂದು ಪೈಸೆಯೂ ಕೊಡಲಿಲ್ಲ. ನೀವೂ ಕೊಡಬೇಡಿ.

ದುಡ್ಡಿನ ವಿಷಯ. ಇಲ್ಲಿನ ಒಂದು ಕ್ರೋನರ್ ಎಂದರೆ ನಮ್ಮ ಎಂಟು-ಒಂಬತ್ತು ರೂಪಾಯಿ. ಮೊದಲ ಸಂಬಳ ಕೈಗೆ ಬರುವ ಮೊದಲು ಟಿಕೆಟ್, ಅಡ್ವಾನ್ಸ್, ಬಟ್ಟೆ, ಊಟ ಎಲ್ಲಾ ಸೇರಿ ನಾಲ್ಕೂವರೆ ಲಕ್ಷ ಹೋಗಿರಬಹುದು. ಹಂಚಿಕೊಂಡ ರೂಮಿಗೆ ತಿಂಗಳಿಗೆ 9,000 ಕ್ರೋನರ್ ಸುಮಾರು, ಊಟಕ್ಕೆ 4,000. ಕೈಗೆ ಸಿಗುವುದು 26,000ದ ಹತ್ತಿರ. ತೆರಿಗೆ ಎಲ್ಲಾ ಸೇರಿ ನೂರಕ್ಕೆ ಹದಿನಾರರ ಆಸುಪಾಸು, ನಾರ್ವೆಯ ಮುಖ್ಯಭೂಮಿಗಿಂತ ಎಷ್ಟೋ ಕಮ್ಮಿ. ಆದರೆ ದುಡ್ಡು ಖಾಲಿಯಾದರೆ ಇಲ್ಲಿ ಕೈ ಹಿಡಿಯುವವರಿಲ್ಲ. ಹೊಟ್ಟೆಪಾಡು ನೋಡಿಕೊಳ್ಳಲಾರದವರನ್ನು ಗವರ್ನರ್ ಕಚೇರಿ ವಾಪಸ್ ಕಳಿಸಬಹುದು. ದೊಡ್ಡ ಕಾಯಿಲೆಯಾದರೆ ಟ್ರೊಮ್ಸೋಗೆ ಹೋಗಬೇಕು. ಹಲ್ಲು ಗಿಲ್ಲು ಏನಿದ್ದರೂ ಊರಲ್ಲೇ ರಿಪೇರಿ ಮಾಡಿಸಿಕೊಂಡು ಹೊರಡಿ.

ಮನೆಯದ್ದೇ ದೊಡ್ಡ ಕಷ್ಟ. ಜನ ಇರುವುದು ಎರಡೂವರೆ ಸಾವಿರ, ಮನೆಗಳಲ್ಲಿ ಹೆಚ್ಚಿನವು ಕಂಪನಿಗಳ ಕೈಯಲ್ಲಿ. ಮನೆಯಿಲ್ಲದ ಕೆಲಸ ಸಿಕ್ಕರೆ ಬರಲೇಬೇಡಿ. ಊರಿಂದ ಇಮೇಲ್ ಕಳಿಸಿ ಕಳಿಸಿ ನನಗೆ ಸಾಕಾಗಿತ್ತು, ಉತ್ತರವೇ ಇಲ್ಲ. ಕೊನೆಗೆ ದಾರಿ ತೋರಿಸಿದ್ದು ಹಡಗಿನಲ್ಲಿ ಜೊತೆಗಿದ್ದ ಫಿಲಿಪೀನ್ಸ್ ಹುಡುಗ. ಇಲ್ಲಿ ಫಿಲಿಪೀನ್ಸ್, ಥಾಯ್ಲೆಂಡ್ ಜನ ಬಹಳ. ನಮ್ಮ ಹಾಗೆ ಸೆಖೆ ದೇಶದಿಂದ ಬಂದವರೇ, ಅವರ ಮಾತು ಕೇಳಿ. ರೂಮು ಹೇಗೆ ಗಿಟ್ಟಿತು ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರಿಗೂ ಹೇಳಿದರೆ ಆ ದಾರಿಯೂ ಮುಚ್ಚುತ್ತದೆ.

ಚಳಿ? ನಿಜ ಹೇಳುತ್ತೇನೆ, ಚಳಿ ಅಷ್ಟು ಕಾಡಲಿಲ್ಲ. ಪಶ್ಚಿಮ ತೀರಕ್ಕೆ ಬೆಚ್ಚಗಿನ ಸಮುದ್ರ ಪ್ರವಾಹ ಬರುವುದರಿಂದ ಸಾಧಾರಣವಾಗಿ ಮೈನಸ್ ಹತ್ತರಿಂದ ಇಪ್ಪತ್ತು. ಗಾಳಿ ಎದ್ದರೆ ಬೇರೆ ಕತೆ. ಬೆಂಗಳೂರಿನ ಮಾಲ್‌ನಲ್ಲಿ ಹನ್ನೆರಡು ಸಾವಿರ ಕೊಟ್ಟು ತಂದ ಜಾಕೆಟ್ ಮೊದಲ ಗಾಳಿಗೇ ಕೈಕೊಟ್ಟಿತು. ಇಲ್ಲಿ ಜನ ಬಂದು ಹೋಗುತ್ತಲೇ ಇರುತ್ತಾರೆ, ಹೋಗುವವರು ಎಲ್ಲವನ್ನೂ ಮಾರುತ್ತಾರೆ. 700 ಕ್ರೋನರಿಗೆ ಸಿಕ್ಕ ಹಳೆ ಸ್ಕೂಟರ್ ಸೂಟ್ ಇವತ್ತಿಗೂ ಗಟ್ಟಿ. ಉಣ್ಣೆಯ ಒಳಬಟ್ಟೆ ಮತ್ತು ಬೂಟು ಮಾತ್ರ ಹೊಸದು ತಗೊಳ್ಳಿ. ಬೂಟು ಎರಡು ಸೈಜ್ ದೊಡ್ಡದಿರಲಿ. ಎರಡು ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು. ಬಿಗಿಯಾದರೆ ರಕ್ತ ಓಡುವುದಿಲ್ಲ, ಹೆಬ್ಬೆರಳು ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬೂಟಿಗೆ ಕಟ್ಟುವ ಮೊಳೆಪಟ್ಟಿ ಮರೆಯಬೇಡಿ. ಈಗೀಗ ನಡುಚಳಿಗಾಲದಲ್ಲೂ ಮಳೆ ಬರುತ್ತದೆ. ಮರುದಿನ ರಸ್ತೆ ಪೂರ್ತಿ ಗಾಜು.

ಕಾಡಿದ್ದು ಒಣಹವೆ. ಕರಾವಳಿಯ ಚರ್ಮಕ್ಕೆ ಇದು ಗೊತ್ತೇ ಇಲ್ಲ. ಹಿಮ್ಮಡಿ ಒಡೆಯಿತು, ಮೂಗಿನಲ್ಲಿ ರಕ್ತ ಬಂತು. ನೀರು ಜಾಸ್ತಿಯಿರುವ ಕ್ರೀಮ್ ಹಚ್ಚಿ ಹೊರಗೆ ಹೋದರೆ ಮುಖ ಇನ್ನೂ ಉರಿಯುತ್ತದೆ. ಹೊರಡುವ ಮುಂಚೆ ಬರೀ ಜಿಡ್ಡು, ಮಲಗುವ ಮುಂಚೆ ಕ್ರೀಮ್. ಒಗೆದ ಬಟ್ಟೆಯನ್ನೆಲ್ಲ ರೂಮಿನೊಳಗೇ ಒಣಹಾಕುತ್ತೇನೆ. ನಮ್ಮಲ್ಲಿ ಆಷಾಢದಲ್ಲಿ ವಾರವಾದರೂ ಒಣಗದ ಜೀನ್ಸ್ ಇಲ್ಲಿ ಒಂದು ರಾತ್ರಿಗೆ ಗರಿಗರಿ. ರೂಮಿನ ಹವೆಗೂ ಒಂದಿಷ್ಟು ತೇವ ಸಿಕ್ಕಿತು, ಮೂಗೂ ಸರಿಯಾಯಿತು.

ಇನ್ನು ದೋಸೆ ಹಿಟ್ಟು, ಇದಕ್ಕೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ. ರೂಮಿನಲ್ಲಿ ಇಟ್ಟರೆ ಮೇಲೆ ಹಪ್ಪಳದಂಥ ಪದರ, ಒಳಗೆ ಹುಳಿಯೇ ಇಲ್ಲ. ಓವನ್ ಲೈಟು ಹಾಕಿ ಇಟ್ಟೆ, ಒಂದು ಬದಿ ಮಾತ್ರ ಉಬ್ಬಿತು. ಕೊನೆಗೆ ಗೆದ್ದಿದ್ದು ಬಚ್ಚಲಿನಲ್ಲಿ. ಇಲ್ಲಿ ಬಚ್ಚಲ ನೆಲಕ್ಕೆ ಬಿಸಿ ತಂತಿ ಇರುತ್ತದೆ. ಪಾತ್ರೆಗೆ ಒದ್ದೆ ಬಟ್ಟೆ ಕಟ್ಟಿ, ಅಡಿಗೆ ಒಂದು ಮರದ ಹಲಗೆ ಇಟ್ಟು ಹದಿನಾಲ್ಕು ಗಂಟೆ ಬಿಟ್ಟರೆ ಪಾತ್ರೆ ತುಂಬಿ ಬರುತ್ತದೆ. ಅರೆಯುವಾಗ ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ಹೋಟೆಲಿನ ನಾರ್ವೆಯವರೂ ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ. ಎಲ್ಇಡಿ ದೀಪದ ಕೆಳಗೆ ಮೆಂತ್ಯ ಸೊಪ್ಪು ಹತ್ತು-ಹನ್ನೆರಡು ದಿನಕ್ಕೆ ಕೊಯ್ಯುವ ಹಾಗೆ ಬಂತು. ಕೊತ್ತಂಬರಿ ಸುಮ್ನೆ ಉದ್ದ ಬೆಳೆದು ಬಿದ್ದುಹೋಯಿತು. ದೀಪ ಇನ್ನೂ ಹತ್ತಿರ ಇಳಿಸಿ ನೋಡಬೇಕು.

ಕತ್ತಲೆಗೆ ನನ್ನ ಮದ್ದು ಮೂರೇ: ವಿಟಮಿನ್ ಡಿ, ಅಲಾರಂ ಹೊಡೆದ ಕೂಡಲೇ ದೊಡ್ಡ ದೀಪ, ರಜೆಯಿದ್ದರೂ ಅದೇ ಹೊತ್ತಿಗೆ ಏಳುವುದು. ಮೇ ತಿಂಗಳಲ್ಲಿ ನಿದ್ದೆಗೆಡಿಸುವ ಬೆಳಕಿಗೆ ಕಿಟಕಿಗೆ ದಪ್ಪ ಕಪ್ಪು ಪರದೆ ಬೇಕು, ಅದನ್ನು ಊರಿಂದಲೇ ಹೊಲಿಸಿ ತಂದರೆ ದುಡ್ಡು ಉಳಿಯುತ್ತದೆ.

"ವಾಪಸ್ ಬರ್ತಿ" ಎಂದವರಲ್ಲಿ ಒಬ್ಬ ಈ ಜನವರಿಗೆ ತಾನೇ ಹೊರಟಿದ್ದಾನೆ. ಜಾಕೆಟ್ ತರಬೇಡ, ಆ ಜಾಗದಲ್ಲಿ ಐದು ಕಿಲೋ ಉದ್ದು ಹಾಕಿಕೊಂಡು ಬಾ ಎಂದಿದ್ದೇನೆ.